ಹಳೆಯ ಮನೆ: ಕೆಡವುವ ಮೊದಲು ಒಂದಿಷ್ಟು ಭೌತಶಾಸ್ತ್ರ

ನಿಮ್ಮ ಊರಿನ ಹಳೆಯ ಬಡಾವಣೆಯೊಂದರಲ್ಲಿ ಒಂದು ಸುತ್ತು ನಡೆದು ಬನ್ನಿ. ಮಂಗಳೂರು ಹೆಂಚಿನ ಮಾಡು, ಮುಂದೊಂದು ಜಗಲಿ, ಮೊಳದಷ್ಟು ದಪ್ಪದ ಗೋಡೆ ಇರುವ ಮನೆಗಳು ಎಷ್ಟು ಉಳಿದಿವೆ ಎಂದು ಎಣಿಸಿ. ಮುಂದಿನ ವರ್ಷ ಮತ್ತೆ ಎಣಿಸಿದರೆ ಆ ಸಂಖ್ಯೆ ಇನ್ನಷ್ಟು ಇಳಿದಿರುವ ಸಂಭವವೇ ಹೆಚ್ಚು. 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ರಚನೆಯಾದ ಮೇಲೆ ಮೈಸೂರಿನಲ್ಲಿ ಯೋಜಿತ ಬಡಾವಣೆಗಳು ಬೆಳೆದವು. ಅಂಥ ಬಡಾವಣೆಯೊಂದರಲ್ಲಿ 1930ರ ದಶಕದಲ್ಲಿ ಕಟ್ಟಿದ ಮನೆಯನ್ನು ಎಂಟು ವರ್ಷಗಳ ಹಿಂದೆ ನಾನು ಕೊಂಡೆ. ಮಾರಿದವರು ನಾಲ್ವರು ಒಡಹುಟ್ಟಿದವರು. ಯಾರೂ ಈಗ ಈ ಊರಿನಲ್ಲಿಲ್ಲ.

ನೋಡಲು ಬಂದವರೆಲ್ಲರದೂ ಒಂದೇ ಸಲಹೆ: "ನೀವು ಕೊಟ್ಟಿರೋದು ಸೈಟಿನ ಬೆಲೆ ಸಾರ್, ಮನೆ ಹೊಡೆದುಹಾಕಿ ಕಟ್ಟಿಬಿಡಿ." ಹೊಸದಾಗಿ ಕಟ್ಟಲು ನನ್ನಲ್ಲಿ ಹಣ ಉಳಿದಿರಲಿಲ್ಲ. ಎಂಬತ್ತು ದಾಟಿದ ತಾಯಿಯನ್ನು ಎರಡು ವರ್ಷ ಬಾಡಿಗೆ ಮನೆಯಲ್ಲಿ ಇರಿಸುವಂತೆಯೂ ಇರಲಿಲ್ಲ. ಹೀಗಾಗಿ ವಾಸವಿದ್ದುಕೊಂಡೇ ಸ್ವಲ್ಪ ಸ್ವಲ್ಪವಾಗಿ ದುರಸ್ತಿ ಮಾಡುತ್ತ ಬಂದೆವು. ಈ ಅವಧಿಯಲ್ಲಿ ಮನೆ ನನಗೆ ಕಲಿಸಿದ್ದರಲ್ಲಿ ಹೆಚ್ಚಿನದು ಪಿಯುಸಿ ಪಠ್ಯದಲ್ಲೇ ಇದೆ. ಅದನ್ನು ಗೋಡೆಗೆ ಅನ್ವಯಿಸಬೇಕು ಎಂಬುದು ತಪ್ಪು ಮಾಡಿದ ಮೇಲೆ ಹೊಳೆಯಿತು. ಆ ತಪ್ಪನ್ನೂ ಹೇಳುತ್ತೇನೆ, ನಿಮಗೆ ಉಪಯೋಗವಾಗಬಹುದು.

ಕೊಳ್ಳುವ ಮೊದಲು

ಕ್ರಯಪತ್ರ, ಖಾತೆ, ಋಣಭಾರ ಪ್ರಮಾಣಪತ್ರ, ಎಲ್ಲ ಹಕ್ಕುದಾರರ ಸಹಿ – ಇವನ್ನು ವಕೀಲರು ನೋಡುತ್ತಾರೆ. ಗೋಡೆ, ಮಾಡು, ನೆಲಗಳನ್ನು ನೋಡುವ ಕೆಲಸ ನಮ್ಮದು. ಹಳೆಯ ಮನೆಯನ್ನು ನೋಡಲು ಒಳ್ಳೆಯ ಸಮಯವೆಂದರೆ ಜೋರು ಮಳೆಯ ಮರುದಿನ. ಮಾಡು ಸೋರಿದ್ದರೆ, ಗೋಡೆ ತೇವ ಹಿಡಿದಿದ್ದರೆ ಆ ದಿನ ಅದನ್ನು ಮುಚ್ಚಿಡಲು ಬರುವುದಿಲ್ಲ.

ಜತೆಯಲ್ಲಿ ಒಂದು ತೂಗುಗುಂಡು, ಒಂದು ಸ್ಕ್ರೂಡ್ರೈವರ್, ನೀರು ತುಂಬಿದ ಪಾರದರ್ಶಕ ಕೊಳವೆ ಇರಲಿ. ಗೋಡೆ ನೆಟ್ಟಗಿದೆಯೇ ಎಂಬುದನ್ನು ತೂಗುಗುಂಡು ತೋರಿಸುತ್ತದೆ. ನೆಲ ಕುಸಿದಿದೆಯೇ ಎಂಬುದು ಕೊಳವೆಯ ಎರಡು ತುದಿಗಳ ನೀರಿನ ಮಟ್ಟದಿಂದ ತಿಳಿಯುತ್ತದೆ. ಗೋಡೆಯೊಳಕ್ಕೆ ಹೊಕ್ಕಿರುವ ಜಂತೆಯ ತುದಿಯನ್ನು ಸ್ಕ್ರೂಡ್ರೈವರಿನಿಂದ ಒತ್ತಿ ನೋಡಿ. ಸುಲಭವಾಗಿ ಒಳಗೆ ಇಳಿದರೆ ಮರ ಕೊಳೆತಿದೆ ಅಥವಾ ಗೆದ್ದಲು ತಿಂದಿದೆ.

ಬಿರುಕು ಕಂಡೊಡನೆ ಹೆದರಬೇಕಾಗಿಲ್ಲ. ಅದು ಬೆಳೆಯುತ್ತಿದೆಯೇ ಎಂಬುದು ಮುಖ್ಯ. ತೆಳುವಾದ ಗಾಜಿನ ಪಟ್ಟಿಯೊಂದನ್ನು ಬಿರುಕಿಗೆ ಅಡ್ಡವಾಗಿಟ್ಟು ಎರಡೂ ಬದಿ ಪ್ಲಾಸ್ಟರ್ ಆಫ್ ಪ್ಯಾರಿಸ್‌ನಿಂದ ಅಂಟಿಸಿ, ದಿನಾಂಕ ಬರೆಯಿರಿ. ಗೋಡೆ ಸ್ವಲ್ಪ ಕದಲಿದರೂ ಗಾಜು ಒಡೆಯುತ್ತದೆ. ನಮ್ಮ ಮನೆಯ ಒಂದು ಕಿಟಕಿಯ ಮೇಲೆ ಓರೆಯಾಗಿ ಹೋದ ಬಿರುಕಿತ್ತು. ಒಂದು ಮಳೆಗಾಲ, ಒಂದು ಬೇಸಿಗೆ ಕಳೆದರೂ ಗಾಜು ಹಾಗೇ ಇತ್ತು. ಅದು ಎಂದೋ ಆಗಿ ನಿಂತುಹೋದ ಬಿರುಕು ಎಂದು ಖಾತ್ರಿಯಾದ ಮೇಲೆ ಅದನ್ನು ಗಾರೆಯಿಂದ ಮುಚ್ಚಿಸಿದೆವು.

ನೀರು ಕುಡಿಯುವ ಗೋಡೆ

ತಾಯಿಯವರ ಕೋಣೆಯ ಗೋಡೆಯಲ್ಲಿ ಮೊಣಕಾಲಿನ ಎತ್ತರದವರೆಗೆ ತೇವವಿತ್ತು. ಸುಣ್ಣ ಉದುರುತ್ತಿತ್ತು, ಬಿಳಿಯ ಪುಡಿ ಹೂತಂತೆ ಕಾಣುತ್ತಿತ್ತು. ಗುತ್ತಿಗೆದಾರರು ಹಳೆಯ ಗಾರೆಯನ್ನು ಕೆತ್ತಿ ತೆಗೆದು, ಮೂರು ಅಡಿ ಎತ್ತರದವರೆಗೆ ನೀರು ಬಿಡದ ಸಿಮೆಂಟ್ ಪ್ಲಾಸ್ಟರ್ ಬಳಿಯೋಣವೆಂದರು. ನಾನು ಒಪ್ಪಿದೆ. ಆರು ತಿಂಗಳು ಗೋಡೆ ಹೊಸದರಂತೆ ಇತ್ತು. ಮರು ಮಳೆಗಾಲದಲ್ಲಿ ಸಿಮೆಂಟಿನ ಗೆರೆಗಿಂತ ಮೇಲೆ, ಎದೆಯ ಎತ್ತರದಲ್ಲಿ, ಬಣ್ಣ ಉಬ್ಬಿ ಸಿಪ್ಪೆಯಾಗಿ ಏಳತೊಡಗಿತು. ಮಂಚದ ಹಿಂದೆ ಬೂಷ್ಟು ಬೆಳೆಯಿತು. ತಾಯಿಗೆ ಮೊದಲೇ ಉಬ್ಬಸವಿತ್ತು, ಆ ವರ್ಷ ರಾತ್ರಿಯೆಲ್ಲ ಕೆಮ್ಮಿದರು. ತೇವ ಮತ್ತು ಬೂಷ್ಟು ಉಬ್ಬಸವನ್ನು ಕೆರಳಿಸುತ್ತವೆ, ಕೋಣೆ ಬದಲಾಯಿಸಿ ಎಂದು ವೈದ್ಯರು ಹೇಳಿದರು. ತಾಯಿ ಹೇಳಿದ್ದು ಇಷ್ಟೆ: "ಗೋಡೆ ಬೆವರ್ತಾ ಇದೆ ಕಣೋ. ಮಕ್ಕಳಿಗೆ ಪಾಠ ಹೇಳೋ ಮೇಷ್ಟ್ರು ನೀನು, ನಿನಗೆ ಗೊತ್ತಾಗಲಿಲ್ವಾ?"

ಗೊತ್ತಾಗಬೇಕಿತ್ತು. ಲೋಮನಾಳ ಕ್ರಿಯೆಯನ್ನು ಇಪ್ಪತ್ತೈದು ವರ್ಷ ಪಾಠ ಮಾಡಿದವನು ನಾನು.

ಇಟ್ಟಿಗೆ ಮತ್ತು ಗಾರೆಯಲ್ಲಿ ಕಣ್ಣಿಗೆ ಕಾಣದ ಅಸಂಖ್ಯ ರಂಧ್ರಗಳಿವೆ. ಪ್ರತಿಯೊಂದೂ ಒಂದು ಲೋಮನಾಳ. ನೀರು ಏರುವ ಎತ್ತರವನ್ನು ಕಂಡುಹಿಡಿಯಲು ಮೇಲ್ಮೈ ಎಳೆತದ ಎರಡರಷ್ಟನ್ನು ಸಾಂದ್ರತೆ, ಗುರುತ್ವ ವೇಗೋತ್ಕರ್ಷ ಮತ್ತು ನಾಳದ ತ್ರಿಜ್ಯಗಳ ಗುಣಲಬ್ಧದಿಂದ ಭಾಗಿಸಬೇಕು. ನೀರಿನ ಮೇಲ್ಮೈ ಎಳೆತ ಮೀಟರಿಗೆ ಸುಮಾರು 0.072 ನ್ಯೂಟನ್. ರಂಧ್ರದ ತ್ರಿಜ್ಯ 0.01 ಮಿ.ಮೀ. ಎಂದುಕೊಂಡರೆ ಎತ್ತರ ಸುಮಾರು 1.5 ಮೀಟರ್ ಬರುತ್ತದೆ. ತ್ರಿಜ್ಯ 0.001 ಮಿ.ಮೀ. ಆದರೆ 15 ಮೀಟರ್! ಹಾಗಿದ್ದರೆ ಹಳೆಯ ಮನೆಗಳ ಗೋಡೆಗಳೆಲ್ಲ ಸೂರಿನವರೆಗೆ ಏಕೆ ಒದ್ದೆಯಾಗಿಲ್ಲ?

ಇದಕ್ಕೆ ಕಾರಣ ಆವಿಯಾಗುವಿಕೆ. ನೀರು ಮೇಲೇರುತ್ತಿರುವಾಗಲೇ ಗೋಡೆಯ ಎರಡು ಮೈಗಳಿಂದಲೂ ಆವಿಯಾಗುತ್ತಿರುತ್ತದೆ. ಎತ್ತರ ಹೆಚ್ಚಿದಂತೆ ರಂಧ್ರಗಳ ಅಡ್ಡಿ ಹೆಚ್ಚಿ ಮೇಲೆ ಹರಿಯುವ ನೀರು ಕಡಿಮೆಯಾಗುತ್ತದೆ. ಒದ್ದೆಯಾದ ಮೈಯ ವಿಸ್ತಾರ ಹೆಚ್ಚುವುದರಿಂದ ಆವಿಯಾಗುವ ನೀರು ಹೆಚ್ಚುತ್ತದೆ. ಎರಡೂ ಸಮವಾಗುವ ಎತ್ತರದಲ್ಲಿ ತೇವ ನಿಲ್ಲುತ್ತದೆ. ನಾವು ಕಾಣುವ ಉಪ್ಪಿನ ಗೆರೆ ಈ ಸಮತೋಲದ ಗುರುತು.

ಈಗ ನಾನು ಮಾಡಿದ್ದನ್ನು ನೋಡಿ. ಕೆಳಗಿನ ಮೂರು ಅಡಿಯಲ್ಲಿ ಆವಿಯಾಗುವ ದಾರಿಯನ್ನೇ ಮುಚ್ಚಿದೆ. ನೆಲದಿಂದ ಬರುವ ನೀರು ಮಾತ್ರ ನಿಲ್ಲಲಿಲ್ಲ. ಅದು ಆವಿಯಾಗಲು ತೆರೆದ ಮೈಯನ್ನು ಹುಡುಕುತ್ತ ಮೇಲೇರಿತು. ನೀರಿನೊಡನೆ ಮಣ್ಣಿನ ಲವಣಗಳೂ ಬರುತ್ತವೆ. ನೀರು ಆವಿಯಾಗುವ ಜಾಗದಲ್ಲಿ ಅವು ಹರಳುಗಟ್ಟುತ್ತವೆ. ರಂಧ್ರದೊಳಗೆ ಬೆಳೆಯುವ ಹರಳು ಸುತ್ತಲಿನ ಗಾರೆಯನ್ನು ಒತ್ತಿ ಒಡೆಯುತ್ತದೆ. ಬಣ್ಣ ಸಿಪ್ಪೆ ಏಳುವುದಕ್ಕೂ ಗೋಡೆ ಪುಡಿ ಉದುರುವುದಕ್ಕೂ ಇದೇ ಕಾರಣ.

ನಿಜವಾದ ಪರಿಹಾರ ಗೋಡೆಯ ಹೊರಗಿತ್ತು. ಮನೆ ಕಟ್ಟಿದವರು ಎರಡು ಅಡಿ ಎತ್ತರಕ್ಕೆ ಸೈಜುಗಲ್ಲಿನ ತಳಪಾಯ ಎಬ್ಬಿಸಿ, ಅದರ ಮೇಲೆ ಇಟ್ಟಿಗೆ ಕಟ್ಟಿದ್ದರು. ಗ್ರಾನೈಟ್ ಕಲ್ಲು ನೀರನ್ನು ಬಹಳ ಕಡಿಮೆ ಹೀರುತ್ತದೆ. ಹೀಗಾಗಿ ಆ ಕಲ್ಲಿನ ವರಸೆಯೇ ತಕ್ಕಮಟ್ಟಿಗೆ ತೇವಕ್ಕೆ ತಡೆಯಾಗಿತ್ತು. ಕಾಲಾನಂತರ ಓಣಿಗೆ ಮಣ್ಣು ತುಂಬಿ, ಅದರ ಮೇಲೆ ಕಾಂಕ್ರೀಟು ಹಾಕಿದ್ದರು. ಹೊರಗಿನ ನೆಲ ಕಲ್ಲಿನ ವರಸೆಯನ್ನು ದಾಟಿ ಇಟ್ಟಿಗೆಯನ್ನೇ ಮುಟ್ಟಿತ್ತು. ಸಾಲದ್ದಕ್ಕೆ ಮಾಡಿನ ನೀರಿನ ಕೊಳವೆ ಅದೇ ಗೋಡೆಯ ಬುಡಕ್ಕೆ ಸುರಿಯುತ್ತಿತ್ತು. ಕಾಂಕ್ರೀಟು ಒಡೆಸಿ, ಮಣ್ಣನ್ನು ಕಲ್ಲಿನ ಮಟ್ಟಕ್ಕಿಂತ ಕೆಳಗಿಳಿಸಿ, ಗೋಡೆಯುದ್ದಕ್ಕೂ ಒಂದು ಅಡಿ ಅಗಲ ಜಲ್ಲಿ ತುಂಬಿಸಿದೆವು. ಕೊಳವೆಯನ್ನು ದೂರ ಒಯ್ದೆವು. ಒಳಗಿನ ಸಿಮೆಂಟನ್ನೆಲ್ಲ ಕೆತ್ತಿಸಿ ಗೋಡೆಯನ್ನು ಬರಿದಾಗಿ ಒಣಗಲು ಬಿಟ್ಟೆವು.

ಒಣಗಲು ಎಷ್ಟು ಕಾಲ ಬೇಕು? ಹಳೆಯ ಕಟ್ಟಡಗಳ ಕೆಲಸ ಮಾಡುವವರಲ್ಲಿ ಒಂದು ರೂಢಿಯ ಲೆಕ್ಕವಿದೆ: ಒಂದು ಅಂಗುಲ ದಪ್ಪಕ್ಕೆ ಒಂದು ತಿಂಗಳು. ನಮ್ಮ 18 ಅಂಗುಲದ ಗೋಡೆಗೆ ಎರಡು ಬೇಸಿಗೆಗಳು ಬೇಕಾದವು. ಅಷ್ಟು ಕಾಲ ತಾಯಿ ನಡುಮನೆಯಲ್ಲಿ ಮಲಗಿದರು.

ಸುಣ್ಣ ಮತ್ತು ಸಿಮೆಂಟು

ಒಣಗಿದ ಗೋಡೆಗೆ ಮತ್ತೆ ಸುಣ್ಣದ ಗಾರೆಯನ್ನೇ ಹಾಕಿಸಿದೆವು. ಸುಣ್ಣದ ರಸಾಯನಶಾಸ್ತ್ರ ನಿಮಗೆ ಗೊತ್ತಿರುವುದೇ. ಸುಣ್ಣಕಲ್ಲನ್ನು ಸುಮಾರು 900° ಸೆ. ಉಷ್ಣತೆಯಲ್ಲಿ ಸುಟ್ಟರೆ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. 100 ಗ್ರಾಂ ಶುದ್ಧ ಕ್ಯಾಲ್ಸಿಯಮ್ ಕಾರ್ಬೊನೇಟಿನಿಂದ 56 ಗ್ರಾಂ ಸುಟ್ಟ ಸುಣ್ಣ ಸಿಗುತ್ತದೆ, 44 ಗ್ರಾಂ ಅನಿಲ ಹೋಗುತ್ತದೆ. ಅದಕ್ಕೆ ನೀರು ಸೇರಿಸಿದಾಗ ಕುದಿದು ಅರಳಿದ ಸುಣ್ಣವಾಗುತ್ತದೆ. ಗೋಡೆಗೆ ಬಳಿದ ಮೇಲೆ ಗಾಳಿಯ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಹೀರಿಕೊಂಡು ಮತ್ತೆ ಕ್ಯಾಲ್ಸಿಯಮ್ ಕಾರ್ಬೊನೇಟ್ ಆಗುತ್ತದೆ. ಸುಣ್ಣದ ಗಾರೆ ಗಟ್ಟಿಯಾಗುವುದೆಂದರೆ ಅದು ಮರಳಿ ಕಲ್ಲಾಗುವುದು.

ನಮಗೆ ಸಿಕ್ಕಿದ ಹಿರಿಯ ಮೇಸ್ತ್ರಿಯೊಬ್ಬರು ಮರಳಿನ ಜತೆಗೆ ಸುರ್ಕಿ, ಅಂದರೆ ಇಟ್ಟಿಗೆಯ ಪುಡಿಯನ್ನು, ಸೇರಿಸಿದರು. ಹದವಾಗಿ ಸುಟ್ಟ ಜೇಡಿಮಣ್ಣಿನಲ್ಲಿರುವ ಸಿಲಿಕ ಮತ್ತು ಅಲ್ಯುಮಿನ ಸುಣ್ಣದೊಡನೆ ವರ್ತಿಸುವುದರಿಂದ ಗಾರೆ ತೇವದಲ್ಲೂ ಗಟ್ಟಿಯಾಗುತ್ತದೆ. ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರನ್ನು ಬೆರೆಸುವ ಪದ್ಧತಿಯೂ ಇದೆ.

ಇದರರ್ಥ ಸಿಮೆಂಟು ಕೆಟ್ಟದ್ದೆಂದಲ್ಲ. ಕಾಂಕ್ರೀಟಿನ ಮನೆಗೆ ಅದು ತಕ್ಕದ್ದು. ಆದರೆ ಸುಣ್ಣದ ಗಾರೆಯಲ್ಲಿ ಕಟ್ಟಿದ ಮೆತು ಇಟ್ಟಿಗೆಯ ಗೋಡೆ ಉಷ್ಣತೆ, ತೇವಗಳಿಗೆ ತಕ್ಕಂತೆ ಸ್ವಲ್ಪ ಹಿಗ್ಗಿ ಕುಗ್ಗುತ್ತದೆ. ಸುಣ್ಣದ ಪದರ ಅದಕ್ಕೆ ಹೊಂದಿಕೊಳ್ಳುತ್ತದೆ. ಬಿಗಿಯಾದ ಸಿಮೆಂಟಿನ ಪದರ ಹೊಂದಿಕೊಳ್ಳಲಾರದೆ ಬಿರಿಯುತ್ತದೆ. ಆ ಬಿರುಕಿನಿಂದ ಒಳಹೋದ ನೀರು ಹೊರಬರಲು ದಾರಿಯಿಲ್ಲ. ದುರಸ್ತಿಗೆ ಬಳಸುವ ವಸ್ತು ಮೂಲ ವಸ್ತುವಿಗಿಂತ ಮೆತ್ತಗಿರಬೇಕು, ಹೆಚ್ಚು ರಂಧ್ರಮಯವಾಗಿರಬೇಕು ಎಂಬುದನ್ನು ನೆನಪಿಡಿ. ಆಗ ಕೆಡುವುದು ದುರಸ್ತಿಯ ಪದರ, ಗೋಡೆ ಉಳಿಯುತ್ತದೆ.

ದಪ್ಪ ಗೋಡೆ ಎಂಬ ಗಡಿಯಾರ

ಹಳೆಯ ಮನೆಗಳು ಬೇಸಿಗೆಯಲ್ಲಿ ತಂಪಾಗಿರುತ್ತವೆ ಎನ್ನುವುದು ಎಲ್ಲರ ಅನುಭವ. ಎಷ್ಟು ತಂಪು? ಒಂದು ಸರಳ ಲೆಕ್ಕ ಮಾಡೋಣ. ಗೋಡೆಯ ಹೊರಮೈಯ ಉಷ್ಣತೆ 24 ಗಂಟೆಗೊಮ್ಮೆ ಏರಿ ಇಳಿಯುತ್ತದೆ. ಈ ಏರಿಳಿತ ಒಂದು ಅಲೆಯಂತೆ ಗೋಡೆಯೊಳಕ್ಕೆ ಸಾಗುತ್ತದೆ, ಸಾಗುತ್ತ ಕುಗ್ಗುತ್ತದೆ. ಇಟ್ಟಿಗೆಯ ಉಷ್ಣವಾಹಕತೆಯನ್ನು ಅದರ ಸಾಂದ್ರತೆ ಮತ್ತು ವಿಶಿಷ್ಟ ಉಷ್ಣಗಳ ಗುಣಲಬ್ಧದಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 0.5 ಚದರ ಮಿ.ಮೀ. ಬರುತ್ತದೆ. ಇದರಿಂದ ಲೆಕ್ಕ ಹಾಕಿದರೆ, ಪ್ರತಿ 12 ಸೆಂ.ಮೀ. ದಪ್ಪಕ್ಕೆ ಅಲೆ ಸುಮಾರು 2.7 ಪಟ್ಟು ಕುಗ್ಗುತ್ತದೆ ಮತ್ತು ಸುಮಾರು ನಾಲ್ಕು ಗಂಟೆ ತಡವಾಗುತ್ತದೆ.

ಅಂದರೆ ನಾಲ್ಕೂವರೆ ಅಂಗುಲದ ಗೋಡೆಯಲ್ಲಿ ಹೊರಗಿನ ಏರಿಳಿತದ ಶೇ. 37ರಷ್ಟು ಒಳಕ್ಕೆ ಬರುತ್ತದೆ. ಒಂಬತ್ತು ಅಂಗುಲದ ಗೋಡೆಯಲ್ಲಿ ಅದು ಶೇ. 14, ವಿಳಂಬ ಸುಮಾರು ಏಳೂವರೆ ಗಂಟೆ. ಹದಿನೆಂಟು ಅಂಗುಲದ ಗೋಡೆಯಲ್ಲಿ ಬರುವುದು ಶೇ. 2 ಮಾತ್ರ, ಅದೂ ಸುಮಾರು 15 ಗಂಟೆಗಳ ಅನಂತರ. ಇದು ಗೋಡೆಯನ್ನು ಅಪಾರ ದಪ್ಪದ್ದೆಂದು ಭಾವಿಸಿ ಮಾಡಿದ ಅಂದಾಜು. ನಿಜವಾದ ಗೋಡೆಯಲ್ಲಿ ಅಂಕಿಗಳು ಸ್ವಲ್ಪ ಬದಲಾಗುತ್ತವೆ, ತಾತ್ಪರ್ಯ ಬದಲಾಗುವುದಿಲ್ಲ. ಮಧ್ಯಾಹ್ನ ಎರಡರ ಬಿಸಿ ಒಳಗೆ ಮುಟ್ಟುವಷ್ಟರಲ್ಲಿ ಬೆಳಗಿನ ಜಾವವಾಗಿರುತ್ತದೆ. ಜಾಗ ಉಳಿಸಲೆಂದು ಇಂಥ ಗೋಡೆ ತೆಗೆದು ತೆಳು ಗೋಡೆ ಕಟ್ಟುವವರು ಮುಂದೆ ಹವಾನಿಯಂತ್ರಕಕ್ಕೆ ಹಣ ತೆರುತ್ತಾರೆ.

ಎತ್ತರದ ಬೆಳಕಿಂಡಿಯೂ ಹೀಗೆಯೇ. ಬಿಸಿ ಗಾಳಿ ಹಗುರ. ಮೇಲಿನ ಕಿಂಡಿಯಿಂದ ಅದು ಹೊರಹೋದಂತೆ ಕೆಳಗಿನ ಕಿಟಕಿಯಿಂದ ತಂಪು ಗಾಳಿ ಬರುತ್ತದೆ. ಅದನ್ನು ಗಾಜಿನಿಂದ ಪೂರ್ತಿ ಮುಚ್ಚಿದರೆ ಬೆಳಕು ಉಳಿಯುತ್ತದೆ, ಗಾಳಿ ನಿಲ್ಲುತ್ತದೆ. ನಾವು ಗಾಜನ್ನು ಒಂದು ಅಡಿ ಎತ್ತರಿಸಿ, ಸುತ್ತ ಸೊಳ್ಳೆ ಪರದೆ ಹಾಕಿಸಿದೆವು.

ಜಂತೆಯ ಮೇಲೆ ಒಂದು ಟನ್

ನಮ್ಮ ನಡುಮನೆಗೆ ಮದ್ರಾಸ್ ತಾರಸಿಯಿದೆ. ಮರದ ಜಂತೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಓರೆಯಾಗಿ, ಅಂಚಿನ ಮೇಲೆ ನಿಲ್ಲಿಸಿ ಸುಣ್ಣದ ಗಾರೆಯಿಂದ ಬಂಧಿಸಿ, ಮೇಲೆ ಇಟ್ಟಿಗೆ ಜಲ್ಲಿ ಮತ್ತು ಸುಣ್ಣದ ಕಾಂಕ್ರೀಟು ಹಾಕುವ ಪದ್ಧತಿ ಇದು. ಒಟ್ಟು ದಪ್ಪ 20 ಸೆಂ.ಮೀ. ಎಂದುಕೊಂಡರೆ ಚದರ ಮೀಟರಿಗೆ ಸುಮಾರು 360 ಕಿ.ಗ್ರಾಂ ಭಾರವಾಯಿತು. ಇದನ್ನು ಜಂತೆಗಳು ಈಗಾಗಲೇ ಹೊತ್ತಿವೆ.

ಹಿಂದಿನವರು ಈ ತಾರಸಿಯ ನಡುವೆ 1000 ಲೀಟರಿನ ನೀರಿನ ಟ್ಯಾಂಕು ಇಟ್ಟಿದ್ದರು. ಸುಮಾರು ಒಂದು ಚದರ ಮೀಟರಿನ ಮೇಲೆ ಒಂದು ಟನ್! ಜನ ಓಡಾಡುವ ಮಾಡಿಗೆ ಭಾರತೀಯ ಮಾನಕ 875 ಹೇಳುವ ಚರಭಾರ ಚದರ ಮೀಟರಿಗೆ 1.5 ಕಿಲೋನ್ಯೂಟನ್, ಅಂದರೆ ಸುಮಾರು 150 ಕಿ.ಗ್ರಾಂ. ಟ್ಯಾಂಕಿನ ಭಾರ ಅದರ ಆರೇಳು ಪಟ್ಟು. ನಾವು ಮೊದಲು ಮಾಡಿದ ಕೆಲಸವೇ ಆ ಟ್ಯಾಂಕನ್ನು ಕೆಳಗಿಳಿಸಿ, ಹಿತ್ತಿಲಿನಲ್ಲಿ ಕಬ್ಬಿಣದ ಕಂಬಗಳ ಮೇಲೆ ಇಟ್ಟದ್ದು.

ಜಂತೆಯ ಬಲ ಅದರ ಅಗಲಕ್ಕಿಂತ ಎತ್ತರವನ್ನು ಹೆಚ್ಚು ಅವಲಂಬಿಸುತ್ತದೆ. ಬಾಗುವಿಕೆಯನ್ನು ತಾಳುವ ಬಲ ಎತ್ತರದ ವರ್ಗಕ್ಕೆ ಅನುಪಾತದಲ್ಲಿದೆ, ಬಿಗಿತ ಎತ್ತರದ ಘನಕ್ಕೆ. 15 ಸೆಂ.ಮೀ. ಎತ್ತರದ ಜಂತೆಯನ್ನು ಗೆದ್ದಲು ತಿಂದು 10 ಸೆಂ.ಮೀ. ಉಳಿಸಿದರೆ ಬಲ ಶೇ. 44ಕ್ಕೂ ಬಿಗಿತ ಶೇ. 30ಕ್ಕೂ ಇಳಿಯುತ್ತದೆ. ನಮ್ಮಲ್ಲಿ ಅಂಥ ಎರಡು ಜಂತೆಗಳಿದ್ದವು. ಎಲ್ಲ ಜಂತೆಗಳಿಗೂ ನಡುವಿನಲ್ಲಿ ಅಡ್ಡವಾಗಿ ಒಂದು ಉಕ್ಕಿನ ತೊಲೆ ಕೊಟ್ಟು, ಅದರ ತುದಿಗಳನ್ನು ಭಾರ ಹೊರುವ ಗೋಡೆಗಳ ಮೇಲೆ ಕೂರಿಸಲು ಎಂಜಿನಿಯರರು ಸೂಚಿಸಿದರು. ಹೀಗೆ ಮಾಡಿದರೆ ಜಂತೆಯ ಅಂತರ ಅರ್ಧವಾಗುತ್ತದೆ, ಅತಿ ಹೆಚ್ಚಿನ ಬಾಗು ಮಹತ್ವ ನಾಲ್ಕನೆಯ ಒಂದಕ್ಕೆ ಇಳಿಯುತ್ತದೆ. ತಾರಸಿಯನ್ನು ಮುಟ್ಟದೆಯೇ ಕೆಲಸ ಮುಗಿಯಿತು.

ಮೇಲೊಂದು ಮಹಡಿ ಕಟ್ಟಲು, ನಡುವಿನ ಗೋಡೆ ತೆಗೆಯಲು ಮಾತ್ರ ಅವರು ಒಪ್ಪಲಿಲ್ಲ. ಇಂಥ ಮನೆಗಳಲ್ಲಿ ಗೋಡೆಯೇ ಕಂಬ. ಯಾವ ಗೋಡೆಯ ಮೇಲೆ ಜಂತೆಗಳು ಕೂತಿವೆ ಎಂದು ನೋಡದೆ ಒಂದು ಇಟ್ಟಿಗೆಯನ್ನೂ ತೆಗೆಯಬಾರದು.

ತಂತಿಯ ಬಿಸಿ

ಹಳೆಯ ಮನೆಗಳ ವಿದ್ಯುತ್ ತಂತಿಗಳು ನಾಲ್ಕೈದು ಬಲ್ಬುಗಳಿಗಾಗಿ ಹಾಕಿದವು. ಅದಕ್ಕೆ 3 ಕಿಲೋವ್ಯಾಟಿನ ಗೀಸರ್ ಜೋಡಿಸಿದರೆ 230 ವೋಲ್ಟಿನಲ್ಲಿ 13 ಆಂಪೇರ್ ಹರಿಯುತ್ತದೆ. ಮೀಟರಿನಿಂದ ಬಚ್ಚಲಿಗೆ 20 ಮೀಟರ್ ದೂರವಿದ್ದರೆ ಹೋಗಿಬರುವ ತಂತಿ 40 ಮೀಟರ್. 1 ಚದರ ಮಿ.ಮೀ. ತಾಮ್ರದ ತಂತಿಯಾದರೆ ಅದರ ರೋಧ ಸುಮಾರು 0.7 ಓಮ್, ಗೋಡೆಯೊಳಗೆ ಹುಟ್ಟುವ ಶಾಖ ಸುಮಾರು 120 ವ್ಯಾಟ್. 4 ಚದರ ಮಿ.ಮೀ. ತಂತಿಯಾದರೆ 30 ವ್ಯಾಟ್. ಸಡಿಲವಾದ ಜೋಡಣೆ ಇನ್ನೂ ಅಪಾಯಕಾರಿ. ಅಲ್ಲಿ 0.1 ಓಮ್ ರೋಧವಿದ್ದರೂ ಉಗುರಿನಷ್ಟು ಜಾಗದಲ್ಲಿ 17 ವ್ಯಾಟ್ ಶಾಖ ಹುಟ್ಟುತ್ತದೆ. ಬೆಸುಗೆ ಹಾಕುವ ಸಣ್ಣ ಕಡ್ಡಿಯ ಸಾಮರ್ಥ್ಯ 25 ವ್ಯಾಟ್. ಅದು ಒಣ ಮರದ ಪಟ್ಟಿಗೆ ತಗುಲಿದಂತೆ ಎಂದು ಊಹಿಸಿಕೊಳ್ಳಿ.

ಆದ್ದರಿಂದ ವೈರಿಂಗ್ ಪೂರ್ತಿ ಬದಲಾಯಿಸಿ, ಸರಿಯಾದ ಅರ್ಥಿಂಗ್ ಕೊಡಿಸಿ, 30 ಮಿಲಿಆಂಪೇರಿನ ಆರ್‌ಸಿಸಿಬಿ ಹಾಕಿಸಿ. ಹೋದ ವಿದ್ಯುತ್ತಿಗೂ ಮರಳಿದ ವಿದ್ಯುತ್ತಿಗೂ ಅಷ್ಟು ವ್ಯತ್ಯಾಸ ಕಂಡೊಡನೆ ಅದು ಸಂಪರ್ಕ ಕಡಿಯುತ್ತದೆ. ಬಣ್ಣ ಬಳಿಯುವುದಕ್ಕಿಂತ ಮೊದಲು ಈ ಖರ್ಚು. ಹಳೆಯ ಬಣ್ಣ ಕೆರೆಯುವಾಗಲೂ ಎಚ್ಚರವಿರಲಿ. ನಮ್ಮ ದೇಶದಲ್ಲಿ ಮನೆಬಳಕೆಯ ಬಣ್ಣಗಳ ಸೀಸಕ್ಕೆ ದಶಲಕ್ಷಕ್ಕೆ 90 ಭಾಗಗಳ ಮಿತಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಿಂದಿನ ಬಣ್ಣವನ್ನು ಒಣದಾಗಿ ಉಜ್ಜಬೇಡಿ; ಒದ್ದೆ ಮಾಡಿ ತೆಗೆಯಿರಿ, ಮಕ್ಕಳನ್ನು ದೂರವಿಡಿ.

ಕೆಡವಬೇಕೇ, ಉಳಿಸಬೇಕೇ?

ಭಾರತೀಯ ವಿಜ್ಞಾನ ಸಂಸ್ಥೆಯ ಬಿ.ವಿ. ವೆಂಕಟರಾಮ ರೆಡ್ಡಿ ಮತ್ತು ಕೆ.ಎಸ್. ಜಗದೀಶ್ 2003ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಒಂದು ಸುಟ್ಟ ಇಟ್ಟಿಗೆಯ ತಯಾರಿಕೆಗೆ ಸರಾಸರಿ 4.25 ಮೆಗಾಜೂಲ್ ಶಕ್ತಿ ಬೇಕೆಂದು ಲೆಕ್ಕ ಕೊಟ್ಟಿದ್ದಾರೆ. ನನ್ನ ಮನೆಯ ಗೋಡೆಗಳಲ್ಲಿ ಅಂದಾಜು 40,000 ಇಟ್ಟಿಗೆಗಳಿವೆ. ಅಂದರೆ 170 ಗಿಗಾಜೂಲ್, ಸುಮಾರು 47,000 ಯೂನಿಟ್. ಇದು ವಿದ್ಯುತ್ತಲ್ಲ, ಸೌದೆಯ ಶಾಖ. ಹೋಲಿಕೆಗಷ್ಟೇ ಹೇಳುವುದಾದರೆ, ತಿಂಗಳಿಗೆ 150 ಯೂನಿಟ್ ಬಳಸುವ ಸಂಸಾರದ 26 ವರ್ಷಗಳ ಬಳಕೆಗೆ ಸಮ. ಗೋಡೆ ಉರುಳಿಸಿದರೆ ಅದೆಲ್ಲ ಲಾರಿ ತುಂಬುವ ಕಸವಾಗುತ್ತದೆ, ಹೊಸ ಇಟ್ಟಿಗೆಗೆ ಮತ್ತೆ ಅಷ್ಟೇ ಶಕ್ತಿ ಸುಡಬೇಕಾಗುತ್ತದೆ.

ಹಾಗೆಂದು ಹಳೆಯದೆಲ್ಲ ಗಟ್ಟಿ ಎಂಬ ಭ್ರಮೆಯೂ ಬೇಡ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ಜೀವಹಾನಿಯಾಯಿತು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಕುಸಿಯಿತು. ತಳಪಾಯ ಇನ್ನೂ ಇಳಿಯುತ್ತಿದ್ದರೆ, ಗೋಡೆ ವಾಲಿದ್ದರೆ, ಹೆಚ್ಚಿನ ಜಂತೆಗಳು ಟೊಳ್ಳಾಗಿದ್ದರೆ ಭಾವನೆಗೆ ಕಟ್ಟುಬಿದ್ದು ಒಳಗೆ ವಾಸಿಸಬಾರದು. ಈ ತೀರ್ಮಾನವನ್ನು ರಚನಾ ಎಂಜಿನಿಯರರು ನೋಡಿ ಹೇಳಬೇಕೇ ಹೊರತು ಬೀದಿಯವರಲ್ಲ, ನಾನೂ ಅಲ್ಲ.

ಉಳಿಸುವುದೆಂದು ನಿಶ್ಚಯಿಸಿದರೆ ಕೆಲಸದ ಕ್ರಮ ಹೀಗಿರಲಿ: ಮೊದಲು ಮಾಡಿನ ಮತ್ತು ನೆಲದ ನೀರು, ಆಮೇಲೆ ಭಾರ ಹೊರುವ ಭಾಗಗಳು, ಬಳಿಕ ವಿದ್ಯುತ್ತು, ನಲ್ಲಿ, ಗಾರೆ, ಬಣ್ಣ ಕಡೆಗೆ. ಅಪಾಯವಿರುವ ಭಾಗವನ್ನು ಕೂಡಲೇ ಸರಿಪಡಿಸಿ. ಉಳಿದ ಕೆಲಸಕ್ಕೆ ಕೈಹಾಕುವ ಮೊದಲು ಮನೆಯನ್ನು ಒಂದು ಪೂರ್ಣ ವರ್ಷ ಗಮನಿಸಿ. ನಾನು ಈ ಕ್ರಮವನ್ನು ತಲೆಕೆಳಗು ಮಾಡಿದ್ದರಿಂದಲೇ ಒಂದೇ ಗೋಡೆಗೆ ಎರಡು ಸಲ ಹಣ ಸುರಿಯಬೇಕಾಯಿತು.

ತರಗತಿಯಲ್ಲಿ ಮಾಡಿ ನೋಡಿ

1. ಒಣಗಿದ ನಾಡ ಇಟ್ಟಿಗೆಯನ್ನು ಒಂದು ಸೆಂ.ಮೀ. ನೀರಿರುವ ತಟ್ಟೆಯಲ್ಲಿ ಉದ್ದವಾಗಿ ನಿಲ್ಲಿಸಿ, 10 ನಿಮಿಷಕ್ಕೊಮ್ಮೆ ತೇವದ ಎತ್ತರ ಗುರುತಿಸಿ. ಎತ್ತರ ಕಾಲದ ವರ್ಗಮೂಲದ ಅನುಪಾತದಲ್ಲಿ ಏರುತ್ತದೆ. 10 ನಿಮಿಷದಲ್ಲಿ ಏರಿದ್ದರ ಎರಡರಷ್ಟಾಗಲು 40 ನಿಮಿಷ ಬೇಕು. ಲ್ಯೂಕಾಸ್ 1918ರಲ್ಲಿ, ವಾಶ್‌ಬರ್ನ್ 1921ರಲ್ಲಿ ನಿರೂಪಿಸಿದ ನಿಯಮ ಇದು.

2. ಒಂದೇ ಅಳತೆಯ ಎರಡು ಉದ್ದನೆಯ ಒತ್ತುಕಾಗದದ ಪಟ್ಟಿಗಳನ್ನು ನೀರಿನಲ್ಲಿ ತುದಿ ಅದ್ದಿ ತೂಗುಹಾಕಿ. ಒಂದರ ಕೆಳಗಿನ ಅರ್ಧಕ್ಕೆ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಸುತ್ತಿ. ಫ್ಯಾನಿನ ಗಾಳಿಯಲ್ಲಿ ಕೆಲವು ಗಂಟೆ ಬಿಟ್ಟು, ಯಾವ ಪಟ್ಟಿಯಲ್ಲಿ ತೇವ ಹೆಚ್ಚು ಎತ್ತರದಲ್ಲಿ ನಿಂತಿದೆ ನೋಡಿ. ನನ್ನ ಸಿಮೆಂಟ್ ಪ್ಲಾಸ್ಟರಿನ ಕಥೆ ನಿಮ್ಮ ಮೇಜಿನ ಮೇಲೆ ನಡೆಯುತ್ತದೆ.

3. ಇನ್ನೊಂದು ಇಟ್ಟಿಗೆಯನ್ನು ಉಪ್ಪುನೀರಿನಲ್ಲಿ ಒಂದು ವಾರ ನಿಲ್ಲಿಸಿ. ಬಿಳಿ ಹರಳುಗಳು ಎಲ್ಲಿ ಮೂಡುತ್ತವೆ, ಏಕೆ ಎಂದು ವಿದ್ಯಾರ್ಥಿಗಳನ್ನು ಕೇಳಿ.

ತಾಯಿ ಮತ್ತೆ ತಮ್ಮ ಕೋಣೆಗೆ ಬಂದಿದ್ದಾರೆ. ಗೋಡೆಯ ಮೂಲೆಯಲ್ಲಿ ನಾನು ಪೆನ್ಸಿಲಿನಿಂದ ಪ್ರತಿ ಮಳೆಗಾಲದ ಕೊನೆಯಲ್ಲಿ ತೇವದ ಎತ್ತರ ಗುರುತಿಸಿ ವರ್ಷ ಬರೆಯುತ್ತೇನೆ. ಆ ಗೆರೆ ಈಗ ನೆಲದಿಂದ ನಾಲ್ಕು ಬೆರಳು ಮೇಲಿದೆ. ಪೂರ್ತಿ ಇಳಿದಿಲ್ಲ, ಆದರೆ ಮೂರು ವರ್ಷಗಳಿಂದ ಏರಿಲ್ಲ. ಈ ವರ್ಷ ಸುಣ್ಣ ಹೊಡೆಸುವಾಗ ಆ ಗೆರೆಗಳನ್ನು ಅಳಿಸಬೇಡವೆಂದು ತಾಯಿಯೇ ಆಳುಗಳಿಗೆ ಹೇಳಿದರು.